ಬೆನ್ನು ದನಿ ಕೊಟ್ಟ ದಿನ

ನಮ್ಮೂರಿನಲ್ಲಿ ಹೆತ್ತವಳನ್ನು ಸುಡುತ್ತಾರೆ. ಗಾಬರಿಯಾಗಬೇಡಿ, ಸಾಯಿಸುವುದಕ್ಕಲ್ಲ, ಬದುಕಿಸುವುದಕ್ಕೆ. ಹಾಗೆಂದು ನಾವು ನಂಬಿದ್ದೇವೆ. ನಂಬುತ್ತಲೇ ಎಷ್ಟೋ ತಲೆಮಾರು ಕಳೆದಿವೆ.

ಊರಿಗೆ ಹೆಸರಿಲ್ಲ. ಹೊರಗಿನವರು ಮಡಕೆಯ ಊರು ಅನ್ನುತ್ತಾರೆ, ನಾವು ಬರೀ ಊರು ಅನ್ನುತ್ತೇವೆ. ಒಂದು ಕಡೆ ಕೆರೆ, ಇನ್ನೊಂದು ಕಡೆ ಆವಿಗೆ, ನಡುವೆ ನಾವು. ಕೆರೆಯಿಂದ ಮಣ್ಣು ಬರುತ್ತದೆ, ಗುಂಡಿಯಲ್ಲಿ ತುಳಿಸಿಕೊಳ್ಳುತ್ತದೆ, ತಿಗರಿಯ ಮೇಲೆ ತಿರುಗುತ್ತದೆ, ನೆರಳಿನಲ್ಲಿ ಆರುತ್ತದೆ, ಆವಿಗೆಯಲ್ಲಿ ಬೇಯುತ್ತದೆ. ಬೆಂದು ಹೊರಬಂದ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇವೆ. ಖಣ್ ಎಂದರೆ ಸಂತೆಗೆ, ಬೊದ್ ಎಂದರೆ ತಿಪ್ಪೆಗೆ. ನಮಗೆ ಗೊತ್ತಿರುವ ವಿದ್ಯೆ ಇದೊಂದೇ. ಅದನ್ನೇ ಎಲ್ಲದಕ್ಕೂ ಹಚ್ಚುತ್ತೇವೆ.

ಹೆರುವ ಗಳಿಗೆಯಲ್ಲಿ ಹೆಂಗಸಿನ ಒಳಗಿನ ಬೆಂಕಿಯೆಲ್ಲ ಮಗುವಿನ ಪಾಲಾಗುತ್ತದೆ, ಅವಳು ಮತ್ತೆ ಹಸಿ ಮಣ್ಣಾಗುತ್ತಾಳೆ ಎಂಬುದು ಊರಿನ ಮಾತು. ಹಾಗಾಗಿ ಅವಳನ್ನು ಕತ್ತಲ ಕೋಣೆಯಲ್ಲಿ ಹಗ್ಗದ ಮಂಚದ ಮೇಲೆ ಮಲಗಿಸಿ ಕೆಳಗೆ ಕೆಂಡ ಹರಡುತ್ತಾರೆ. ನೀರು ಕೊಡುವುದಿಲ್ಲ, ಯಾಕೆಂದರೆ ನೀರು ಉಳಿದ ಮಡಕೆ ಬೆಂಕಿಯಲ್ಲಿ ಸಿಡಿಯುತ್ತದೆ. ದಿನಕ್ಕೆ ಎರಡು ಗುಟುಕು ಶುಂಠಿ ಕಷಾಯ, ಎರಡು ತುತ್ತು ಮೆಣಸಿನ ಅನ್ನ, ಅಷ್ಟೇ. ಅಳುವುದಕ್ಕೂ ಬಿಡುವುದಿಲ್ಲ. ತಲೆದೆಸೆಯಲ್ಲಿ ಅತ್ತೆ ಬೂದಿ ಹಚ್ಚಿದ ಬಟ್ಟೆ ಹಿಡಿದು ಕೂತಿರುತ್ತಾಳೆ. ಕಣ್ಣೀರು ಗದ್ದ ದಾಟುವ ಮೊದಲು ಒರೆಸುವುದು ಅವಳ ಕೆಲಸ. ಇಷ್ಟೆಲ್ಲ ಒಣಗಿಸಿಬಿಟ್ಟು, ಮಗುವಿಗೆ ಹಾಲು ಮಾತ್ರ ಬೇಕು ಅನ್ನುತ್ತಾರೆ. ಆ ಹಾಲು ಎಲ್ಲಿಂದ ಬರಬೇಕು ಎಂದು ಯಾರೂ ಕೇಳಿದವರಿಲ್ಲ. ನಾನೂ ಕೇಳಲಿಲ್ಲ.

ದಿನಾ ಬೆಳಗ್ಗೆ ಒಬ್ಬಳು ಆ ಕೋಣೆಗೆ ಬರುತ್ತಾಳೆ. ಬಾಣಂತಿಯನ್ನು ಬೋರಲು ಮಲಗಿಸಿ, ಎರಡು ಹೆಗಲೆಲುಬಿನ ನಡುವೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಬಾಗಿಲ ಕಡೆ ತಿರುಗಿ "ಹಸಿ" ಎನ್ನುತ್ತಾಳೆ. ಕೆಂಡ ಇನ್ನೊಂದು ದಿನ ಉರಿಯುತ್ತದೆ. "ಬೆಂದಿದೆ" ಎಂದ ದಿನ ಕೆಂಡ ತೆಗೆಯುತ್ತಾರೆ. ಮಾರನೆಯ ದಿನ ಅವಳು ಊರೆದುರು ಗುಂಡಿಗಿಳಿದು ಮಣ್ಣು ತುಳಿಯಬೇಕು. ಅಲ್ಲಿಗೆ ಬಾಣಂತನ ಮುಗಿಯಿತು, ಅವಳು ನಮ್ಮಂತಾದಳು.

ಆ ತಟ್ಟುವವಳು ನಾನು. ಇಪ್ಪತ್ತೇಳು ವರ್ಷದಿಂದ ನಾನೇ.

ಗುಟ್ಟೊಂದನ್ನು ಹೇಳಿಬಿಡುತ್ತೇನೆ, ಇನ್ನು ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ. ಹೆಂಗಸಿನ ಬೆನ್ನು ದನಿ ಕೊಡುವುದಿಲ್ಲ. ಯಾರ ಬೆನ್ನೂ ಕೊಡುವುದಿಲ್ಲ. ಖಣ್ ಅನ್ನುವುದಕ್ಕೆ ಅದೇನು ಹೂಜಿಯೇ?

ನನ್ನ ಬಾಣಂತನದ ಮೂವತ್ತೆಂಟನೆಯ ದಿನ ಆಗಿನ ತಟ್ಟುವವಳು ಬಂದು "ಬೆಂದಿದೆ" ಎಂದಳು. ಮನೆಯವರೆಲ್ಲ ಖುಷಿಪಟ್ಟರು. ನಾನು ಬೆಂದಿಲ್ಲವೆಂದು ನನಗೆ ಗೊತ್ತಿತ್ತು. ಕೆಮ್ಮಿದರೆ ಸೀರೆ ಒದ್ದೆಯಾಗುತ್ತಿತ್ತು. ಕೂತರೆ ಏಳಲಾಗುತ್ತಿರಲಿಲ್ಲ. ಮಗು ಅತ್ತರೆ ಎದೆ ತುಂಬಿ ಸೋರುತ್ತಿತ್ತು, ಮನಸ್ಸು ಮಾತ್ರ ಅಲ್ಲಾಡುತ್ತಿರಲಿಲ್ಲ. ಊರಿನ ಹೆಂಗಸರೆಲ್ಲ ಬೆಂದವರು, ನಾನೊಬ್ಬಳೇ ಹಸಿಯಾಗಿ ಹೊರಬಂದವಳು, ತಟ್ಟಿದವಳ ಕಿವಿ ತಪ್ಪಿದೆ, ಇದು ಗೊತ್ತಾದರೆ ನನ್ನ ಗತಿಯೇನು ಎಂದುಕೊಂಡು ಗುಂಡಿಗಿಳಿದು ಮಣ್ಣು ತುಳಿದೆ. ನಗುನಗುತ್ತಾ ತುಳಿದೆ. ಆಮೇಲೆ ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ.

ನನ್ನನ್ನು ತಟ್ಟಿದ್ದ ಆ ಮುದುಕಿ ಸಾಯುವ ಮುಂಚೆ ಈ ಕೆಲಸವನ್ನು ನನಗೆ ವಹಿಸಿದಳು. ಒಬ್ಬ ಬಾಣಂತಿಯ ಕೋಣೆಗೆ ಕರೆದುಕೊಂಡು ಹೋಗಿ ತಟ್ಟಿಸಿದಳು. ಹೊರಗೆ ಬಂದಮೇಲೆ ಕೇಳಿದಳು:

"ಏನ್ ಕೇಳಿಸ್ತು?"

"ಏನೂ ಇಲ್ಲ, ಅಜ್ಜಿ. ನನ್ ಕಿವೀನೇ ಸರಿಯಿಲ್ವೇನೋ."

"ನಂಗೂ ಏನೂ ಕೇಳಿಸಿಲ್ಲ. ನಲವತ್ತು ವರ್ಷ ಆಯ್ತು."

"ಹಂಗಾದ್ರೆ ನಂದು?"

"ನಿಂದೂ ಇಲ್ಲ, ನಂದೂ ಇಲ್ಲ, ಯಾರ್ದೂ ಇಲ್ಲ. ಮನೆಯವರ ಮುಖ ನೋಡ್ಕೋ. ಎಷ್ಟು ದಿನ ತಡೀತಾರೋ ಅಷ್ಟು ದಿನ ಹಸಿ ಅನ್ನು. ಪಾಪ, ಮಲಗಿರ್ಲಿ. ಇನ್ ತಡೆಯಲ್ಲ ಅನ್ನಿಸಿದಾಗ ಬೆಂದಿದೆ ಅನ್ನು. ಇಷ್ಟೇ ವಿದ್ಯೆ."

ಅಂದಿನಿಂದ ನಾನು ಹೇಳಿದ್ದು ಬೆನ್ನಿನ ಮಾತಲ್ಲ, ಮನೆಯವರ ತಾಳ್ಮೆಯ ಮಾತು. ಒಳ್ಳೆಯ ಮನೆಗಳಲ್ಲಿ ನಲವತ್ತೈದು ದಿನ ಗಿಟ್ಟಿಸಿಕೊಟ್ಟಿದ್ದೇನೆ. ಕೆಲವು ಮನೆಗಳಲ್ಲಿ ಇಪ್ಪತ್ತೂ ದಾಟಿಸಲಾಗಲಿಲ್ಲ. ಆವಿಗೆ ತುಂಬುವ ಕಾಲ ಬಂದರೆ ಯಾರಿಗೂ ಬಾಣಂತಿ ಬೇಡ, ಮಣ್ಣು ತುಳಿಯುವ ಕಾಲುಗಳು ಬೇಕು. ಸುಳ್ಳು ಹೇಳುತ್ತಿದ್ದೇನೆಂಬ ಅಳುಕು ನನಗಿರಲಿಲ್ಲ. ನನ್ನ ಸುಳ್ಳಿನಿಂದ ನಾಲ್ಕು ದಿನ ಹೆಚ್ಚಿಗೆ ಮಲಗಿದವರು ಎಷ್ಟೋ ಜನ. ಒಳಗೊಳಗೇ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಈ ಮಳೆಗಾಲ ಕಳೆದಮೇಲೆ ಆವಿಗೆಯ ಯಜಮಾನನ ಸೊಸೆ ಹೆತ್ತಳು. ಯಜಮಾನನೆಂದರೆ ಊರಿನ ಬೆಂಕಿ ಹಚ್ಚುವವನು, ಅವನ ಮಾತು ಮೀರುವವರಿಲ್ಲ. ಅವನ ಮಗ ತಿಗರಿ ತಿರುಗಿಸುವವನು. ಸೊಸೆ ಕೆರೆಯಾಚೆಯವಳು. ಆ ಊರಿನವರು ಬುಟ್ಟಿ ಹೆಣೆಯುತ್ತಾರೆ. ಬುಟ್ಟಿಯನ್ನು ಯಾರೂ ಸುಡುವುದಿಲ್ಲವಲ್ಲ, ನಮ್ಮ ಪದ್ಧತಿ ಕೇಳಿ ಆ ಹುಡುಗಿ ಮದುವೆಯಾದ ಹೊಸತರಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನನ್ನ ಎದುರಿಗೇ ನಕ್ಕಿದ್ದಳು. ನನಗೆ ಅವಳು ಅವತ್ತೇ ಇಷ್ಟವಾಗಿದ್ದಳು.

ಹೆರಿಗೆಗೆ ಎರಡು ಹಗಲು ಹಿಡಿಯಿತು. ಹೆಣ್ಣು ಮಗು ಬಂತು. ಮಾಸು ಮಾತ್ರ ಬರಲಿಲ್ಲ. ಸೂಲಗಿತ್ತಿ ಕೈಹಾಕಿ ಎಳೆದಳು, ತುಂಡುತುಂಡಾಗಿ ಬಂತು. ಎಲ್ಲ ಬಂತೋ ಇಲ್ಲವೋ ಅವಳು ನೋಡಲಿಲ್ಲ, ಯಾರೂ ನೋಡಲಿಲ್ಲ. ಮಂಚ ಸಿದ್ಧವಾಗಿತ್ತು, ಕೆಂಡ ಸಿದ್ಧವಾಗಿತ್ತು.

ಮೊದಲ ದಿನ ನಾನು ಹೋದಾಗ ಅವಳು ಬೋರಲಾಗುವುದಕ್ಕೇ ಒದ್ದಾಡಿದಳು. ಕೆಳಗೆ ಹರಿದದ್ದು ಇನ್ನೂ ಕೂಡಿರಲಿಲ್ಲ.

"ಅಜ್ಜಿ, ಮೆಲ್ಲಗೆ ಕಣಜ್ಜಿ."

ಮೆಲ್ಲಗೇ ತಟ್ಟಿದೆ. "ಹಸಿ" ಎಂದೆ.

"ಇನ್ನೆಷ್ಟು ದಿನ?"

"ಬೆನ್ನು ಹೇಳ್ದಷ್ಟು, ಮಗಳೇ."

ಮನಸ್ಸಿನಲ್ಲಿ ನಲವತ್ತೆಂದು ಲೆಕ್ಕ ಹಾಕಿಕೊಂಡಿದ್ದೆ. ಯಜಮಾನನ ಮನೆ, ಆಳುಕಾಳು ಇದ್ದರು, ತಡೆಯುತ್ತಾರೆ ಎಂದುಕೊಂಡೆ.

ಎರಡನೆಯ ದಿನ ತಟ್ಟಿಸಿಕೊಂಡಮೇಲೆ ಅವಳು ನನ್ನ ಕೈ ಬಿಡಲಿಲ್ಲ.

"ಅಜ್ಜಿ, ಒಂದ್ ಕೇಳ್ಲಾ? ಬೈಬಾರ್ದು."

"ಕೇಳು."

"ಈ ಮಗು ಯಾರ್ದು?"

ತಲೆದೆಸೆಯಲ್ಲಿದ್ದ ಅತ್ತೆ ಬೆಚ್ಚಿಬಿದ್ದಳು. "ನಿಂದೇ ಕಣೇ! ಎಂಥ ಮಾತು ಆಡ್ತೀಯ!"

"ನಂದೇ ಅಂತ ಗೊತ್ತತ್ತೆ. ಆದ್ರೂ ಪಕ್ಕದ್ಮನೆಯೋರು ಸ್ವಲ್ಪ ನೋಡ್ಕೋ ಅಂತ ಬಿಟ್ ಹೋದಂಗಿದೆ. ಯಾವಾಗ್ ಬಂದು ಕರ್ಕೊಂಡು ಹೋಗ್ತಾರೋ ಅಂತ ಬಾಗಿಲೇ ನೋಡ್ತಾ ಇರ್ತೀನಿ. ಅದು ಅಳುತ್ತೆ, ನಂಗೆ ಏನೂ ಆಗಲ್ಲ. ನಾನ್ ಕೆಟ್ಟೋಳಾ ಅಜ್ಜಿ?"

ಅತ್ತೆ ಬೂದಿ ಬಟ್ಟೆಯಿಂದ ಅವಳ ಕಣ್ಣು ಒರೆಸಿದಳು. ನಾನು ಅವತ್ತು ಒಂದು ಮಾತು ಹೇಳಬಹುದಿತ್ತು. ನನಗೂ ಹಾಗೇ ಆಗಿತ್ತು ಮಗಳೇ, ಎಲ್ಲರಿಗೂ ಆಗುತ್ತದೆ, ಹೋಗುತ್ತದೆ ಅನ್ನಬಹುದಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ತಟ್ಟುವವಳು "ಹಸಿ", "ಬೆಂದಿದೆ" ಎಂಬ ಎರಡು ಮಾತು ಬಿಟ್ಟು ಬೇರೆ ಆಡಬಾರದು ಎಂಬುದು ಕಟ್ಟಳೆ. ಸುಳ್ಳು ಹೇಳುವವಳಿಗೆ ಕಟ್ಟಳೆಯ ಮೇಲೆ ಎಷ್ಟು ಭಕ್ತಿ ನೋಡಿ.

ನಾಲ್ಕನೆಯ ದಿನ ಅತ್ತೆ ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡಳು. ಮುಖ ಅರಳಿತ್ತು.

"ಅಕ್ಕ, ಬೇಗ ಬಾ. ಮುಟ್ಟಿ ನೋಡು. ನಾಲ್ಕೇ ದಿನಕ್ಕೆ!"

ಮುಟ್ಟಿದೆ. ಕೈ ಹಿಂದಕ್ಕೆ ಎಳೆದುಕೊಂಡೆ, ಅಷ್ಟು ಬಿಸಿ. ನನ್ನ ಇಪ್ಪತ್ತೇಳು ವರ್ಷದಲ್ಲಿ ಮೈ ಬಿಸಿಯಾದವರನ್ನು ಕಂಡಿದ್ದೆ, ಕೆಂಡದ ಮೇಲೆ ಮಲಗಿದರೆ ಯಾರಿಗಾದರೂ ಮೈ ಬಿಸಿಯಾಗುತ್ತದೆ. ಈ ಬಿಸಿ ಕೆಂಡದಿಂದ ಬಂದದ್ದಾಗಿರಲಿಲ್ಲ. ಒಳಗಿನಿಂದ ಬರುತ್ತಿತ್ತು.

"ಚಳಿ ಅಜ್ಜಿ," ಎಂದಳು ಬಾಣಂತಿ. ಹಲ್ಲು ಕಟಕಟ ಎನ್ನುತ್ತಿದ್ದವು.

"ಬೆಂಕಿ ಒಳಗಿಳೀವಾಗ ಹೊರಗೆ ಚಳಿ ಆಗುತ್ತೆ. ಆವಿಗೇಲೂ ಹಂಗೇ ಅಲ್ವಾ?" ಎಂದಳು ಅತ್ತೆ. ಇನ್ನೊಂದು ಬಾಂಡ್ಲಿ ಕೆಂಡ ತರಿಸಿ ಸುರಿದಳು.

ಅತ್ತೆ ಕೆಟ್ಟವಳಲ್ಲ, ಇದನ್ನು ನೀವು ನಂಬಬೇಕು. ತನ್ನ ಸೊಸೆ ಬೇಗ ಬೇಯುತ್ತಿದ್ದಾಳೆಂಬ ಸಂತೋಷ ಅವಳಿಗೆ. ಸೊಸೆಯ ಕಷ್ಟ ಬೇಗ ಮುಗಿಯಲೆಂದು ಹರಕೆ ಹೊತ್ತಿದ್ದಳು.

ಐದನೆಯ ದಿನ ಕೋಣೆಯಲ್ಲಿ ವಾಸನೆ ಇತ್ತು. ಸಾಂಬ್ರಾಣಿ ಹಾಕಿದ್ದರು, ಆದರೂ ಅದರ ಅಡಿಯಿಂದ ಬರುತ್ತಿತ್ತು. ಮಣ್ಣಿನಲ್ಲಿರುವ ಕಸಕಡ್ಡಿ ಸುಡುವ ವಾಸನೆ ಎಂದು ಅತ್ತೆ ಹೇಳಿದಳು, ನಾನು ಹೂಂಗುಟ್ಟಿದೆ. ಆರನೆಯ ದಿನ ಬಾಣಂತಿ ಗೋಡೆಯ ಜೊತೆ ಮಾತಾಡುತ್ತಿದ್ದಳು. ಗೋಡೆಯನ್ನು ಅವ್ವ ಎಂದು ಕರೆಯುತ್ತಿದ್ದಳು. ಅವಳ ಬೆರಳುಗಳು ಗಾಳಿಯಲ್ಲಿ ಏನನ್ನೋ ಎಳೆದು, ಮಡಚಿ, ಸಿಕ್ಕಿಸುತ್ತಿದ್ದವು. ಬುಟ್ಟಿ ಹೆಣೆಯುತ್ತಿದ್ದಾಳೆ ಎಂದು ನನಗೆ ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ತಟ್ಟಿದೆ, "ಹಸಿ" ಎಂದೆ, ಹೊರಟೆ.

ಏಳನೆಯ ದಿನ ತಟ್ಟಿದೆ. ಖಣ್ ಎಂದಿತು.

ನನ್ನ ಕೈ ಅಲ್ಲೇ ನಿಂತಿತು. ಕೆಂಡದ ಬಾಂಡ್ಲಿಗೆ ಏನಾದರೂ ತಗುಲಿತೇ ಎಂದು ಬಗ್ಗಿ ನೋಡಿದೆ. ಮತ್ತೆ ತಟ್ಟಿದೆ. ಖಣ್. ಹೊಸ ಹೂಜಿಯೂ ಅಷ್ಟು ಚೆನ್ನಾಗಿ ಅನ್ನುವುದಿಲ್ಲ. ಮೂರನೆಯ ಸಲ ಅತ್ತೆಗೂ ಕೇಳಿಸಿತು. ಅವಳ ಕೈಯಿಂದ ಬೂದಿ ಬಟ್ಟೆ ಜಾರಿತು.

ನನಗೆ ಆದದ್ದನ್ನು ಹೇಗೆ ಹೇಳಲಿ. ನಲವತ್ತು ವರ್ಷ ಆ ಮುದುಕಿಗೆ ಕೇಳಿಸದ ದನಿ, ಇಪ್ಪತ್ತೇಳು ವರ್ಷ ನನಗೆ ಕೇಳಿಸದ ದನಿ. ಹಾಗಾದರೆ ಇದೆಲ್ಲ ನಿಜವೇ. ಬೆಂಕಿ ನಿಜ, ಬೇಯುವುದು ನಿಜ, ಹೆಂಗಸು ಮತ್ತೆ ಗಟ್ಟಿಯಾಗುವುದು ನಿಜ. ಉಳಿದವರಿಗೆ ಆಗಿರಲಿಲ್ಲ ಅಷ್ಟೆ. ನಾನು ಬಾಳಿನುದ್ದಕ್ಕೂ ಹೇಳಿದ್ದು ಸುಳ್ಳಲ್ಲ, ಇನ್ನೂ ಬಾರದ ನಿಜ ಎಂದುಕೊಂಡೆ. ಗಳಗಳ ಅತ್ತುಬಿಟ್ಟೆ. ಅದೂ ಸಂತೋಷಕ್ಕೆ. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹೊರಡಲು ಎದ್ದಾಗ ಬಾಣಂತಿ ನನ್ನ ಸೆರಗು ಹಿಡಿದಳು.

"ಅಜ್ಜಿ, ನೀರು."

"ನಾಳೆ, ಮಗಳೇ. ನಾಳೆ ಬಿಂದಿಗೆ ತುಂಬ ಕೊಡ್ತಾರೆ, ಕುಡೀವಿಯಂತೆ. ಆವಿಗೆಯಿಂದ ತೆಗೆದಿದ್ದು ಒಂದಿನ ಆರಬೇಕು. ನೀನೀಗ ಬೆಂದಿದೀಯ ಕಣೇ, ನೀನೊಬ್ಬಳೇ!"

"ಒಂದೇ ಗುಟುಕು."

ಬೆರಳು ಬಿಡಿಸಿ ಸೆರಗು ಎಳೆದುಕೊಂಡೆ. ಅಂಗಳಕ್ಕೆ ಓಡಿ ಕೂಗಿದೆ: "ಬೆಂದಿದೆ! ಏಳೇ ದಿನಕ್ಕೆ ಬೆಂದಿದೆ!" ನನ್ನ ದನಿಯಲ್ಲಿ ಹಿಂದೆಂದೂ ಇರದ ಗಟ್ಟಿತನ ಇತ್ತು. ಯಾರಿಗೂ ಅನುಮಾನ ಬರಲಿಲ್ಲ.

ಇಂಥ ದಿನ ಮನೆಮನೆಯಲ್ಲೂ ಒಂದೊಂದು ಮಡಕೆ ತೆಗೆದು ತಟ್ಟುವುದು ವಾಡಿಕೆ. ದನಿ ಬೀದಿಯಿಂದ ಬೀದಿಗೆ ಹೋಗುತ್ತದೆ. ಅವತ್ತು ಗಂಡಸರು ಜೋರಾಗಿ ತಟ್ಟಿದರು. ತಿಗರಿಯವನು ಆವಿಗೆಯ ಮೇಲೆ ಹತ್ತಿ ನಿಂತು "ನನ್ನ ಹೆಂಡ್ತಿ ಏಳೇ ದಿನಕ್ಕೆ!" ಎಂದು ಕುಣಿದ. ಹೆಂಗಸರು ಮಾತ್ರ ಸುಮ್ಮನೆ ತಟ್ಟಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಏಳು ದಿನ ಎಂಬ ಮಾತು ಪ್ರತಿಯೊಬ್ಬಳನ್ನೂ ಚುಚ್ಚಿತ್ತು. ತಾನೊಬ್ಬಳೇ ಬೇಯದೆ ಉಳಿದವಳು ಎಂದು ಪ್ರತಿಯೊಬ್ಬಳೂ ಮತ್ತೊಮ್ಮೆ ಅಂದುಕೊಂಡಳು. ನನಗದು ಗೊತ್ತಾಗುತ್ತದೆ, ನಾನೂ ಅವರಲ್ಲಿ ಒಬ್ಬಳೇ.

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಊರೆಲ್ಲ ಗುಂಡಿಯ ಸುತ್ತ ಸೇರಿತ್ತು. ಕೆರೆಯ ಹೊಸ ಮಣ್ಣು ಹಾಕಿ ಮೊಣಕಾಲುದ್ದ ಕೆಸರು ಕಲಸಿದ್ದರು. ಬಾಣಂತಿ ಮೂರು ಸುತ್ತು ತುಳಿಯಬೇಕು. ಮೂರನೆಯ ಸುತ್ತು ಮುಗಿದಮೇಲೆ ಯಜಮಾನ ಹೊಸ ಮಡಕೆಯಲ್ಲಿ ಮೊದಲ ನೀರು ಕೊಡಬೇಕು. ಯಜಮಾನ ನೀರು ತುಂಬಿದ ಮಡಕೆ ಹಿಡಿದು ದಂಡೆಯ ಮೇಲೆ ನಿಂತಿದ್ದ. ಅತ್ತೆ ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿದ್ದಳು.

ಅವಳು ತಾನಾಗಿಯೇ ನಡೆದು ಬಂದಳು. ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಎಷ್ಟು ಕಳೆ ನೋಡಿ ಎಂದು ಯಾರೋ ಅಂದರು.

ಗುಂಡಿಗಿಳಿದಳು. ಮೊದಲ ಹೆಜ್ಜೆ ಇಟ್ಟಳು, ತೆಗೆದಳು. ಅವಳು ಕಾಲಿಟ್ಟ ಕಡೆ ಕೆಸರು ಬೆಳ್ಳಗಾಗಿತ್ತು. ಎರಡನೆಯ ಹೆಜ್ಜೆ, ಮೂರನೆಯ ಹೆಜ್ಜೆ. ಪ್ರತಿ ಹೆಜ್ಜೆಯ ಅಡಿಯಲ್ಲೂ ಒದ್ದೆ ಮಣ್ಣು ಒಣಗಿ ಹೆಂಚಿನ ಹಾಗೆ ಗಟ್ಟಿಯಾಗುತ್ತಿತ್ತು. ಐದೂ ಬೆರಳಿನ ಗುರುತು ಅದರಲ್ಲಿ ಅಚ್ಚಾಗಿ ನಿಲ್ಲುತ್ತಿತ್ತು. ಜನ ಹೋ ಎಂದರು.

"ಬೆಂಕಿ ನೋಡ್ರೋ! ಕಾಲಲ್ಲೇ ಸುಡ್ತಾವಳೆ!" ಎಂದು ತಿಗರಿಯವನು ಕೂಗಿದ.

ಮೊದಲ ಸುತ್ತು ಮುಗಿಯಿತು. ಎರಡನೆಯ ಸುತ್ತಿನಲ್ಲಿ ಅವಳು ನಿಂತಳು. ನನ್ನನ್ನು ನೋಡಲಿಲ್ಲ, ಗಂಡನನ್ನು ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ಯಜಮಾನನ ಕೈಯಲ್ಲಿದ್ದ ಮಡಕೆಯನ್ನು ನೋಡಿದಳು. ಆ ನೋಟ ಕಂಡದ್ದೇ ನನಗೆ ಎಲ್ಲ ಅರ್ಥವಾಯಿತು. ಆ ಮಣ್ಣನ್ನು ಅವಳು ಸುಡುತ್ತಿರಲಿಲ್ಲ, ಕುಡಿಯುತ್ತಿದ್ದಳು. ಬಾಯಿಗೆ ಕೊಡದ ನೀರನ್ನು ಅವಳ ಅಂಗಾಲು ಕೆಸರಿನಿಂದ ಹೀರಿಕೊಳ್ಳುತ್ತಿತ್ತು. ನಾನು ಕೇಳಿದ ದನಿ ಬೆಂದ ಮಡಕೆಯದಾಗಿರಲಿಲ್ಲ, ಬರಿದಾದ ಮಡಕೆಯದು. ಒಂದು ಹನಿಯೂ ಉಳಿಯದ ಹಾಗೆ ನಾವು ಅವಳನ್ನು ಬರಿದು ಮಾಡಿದ್ದೆವು. ಅದಕ್ಕೇ ಖಣ್ ಎಂದಿತ್ತು.

ನಾನು ಗುಂಡಿಗೆ ಹಾರಿದೆ. ಈ ವಯಸ್ಸಿನಲ್ಲಿ ಹೇಗೆ ಹಾರಿದೆನೋ ಗೊತ್ತಿಲ್ಲ. ಅವಳನ್ನು ತಬ್ಬಿ ಹಿಡಿದುಕೊಂಡು ಕೂಗಿದೆ.

"ಇವಳು ಬೆಂದಿಲ್ಲ! ಇವಳಿಗೆ ಜ್ವರ! ನೀರು ಕೊಡ್ರಪ್ಪಾ, ಮಲಗಿಸ್ರಪ್ಪಾ!"

"ಮೂರು ಸುತ್ತು ಆಗ್ಲಿ," ಎಂದ ಯಜಮಾನ.

"ಏನ್ ಸುತ್ತು! ಯಾರೂ ಬೆಂದಿಲ್ಲ ಕಣಯ್ಯಾ! ಇಪ್ಪತ್ತೇಳು ವರ್ಷದಲ್ಲಿ ಒಂದು ಬೆನ್ನೂ ದನಿ ಕೊಟ್ಟಿಲ್ಲ. ಎಲ್ಲಾ ನಾನ್ ಹೇಳಿದ್ದು. ನಿಮ್ಮನೆ ಹೆಂಗಸರೆಲ್ಲ ಹಸೀನೇ ಎದ್ದವರು, ಹಸೀನೇ ಮಣ್ಣು ತುಳಿದವರು!"

ಗದ್ದಲ ನಿಂತಿತು. ಹೆಂಗಸರು ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲ ಸಲ ನೋಡಿಕೊಳ್ಳುತ್ತಿದ್ದವರ ಹಾಗೆ ನೋಡಿಕೊಂಡರು. ಆದರೆ ಯಾರೂ ಕಾಲು ಕಿತ್ತಿಡಲಿಲ್ಲ.

"ಅಜ್ಜಿಗೆ ತಲೆ ಕೆಟ್ಟಿದೆ," ಎಂದ ತಿಗರಿಯವನು. ಅವನ ದನಿ ಅಳುವ ದನಿಯಾಗಿತ್ತು. "ನೀವೇ ತಾನೆ ಬೆಂದಿದೆ ಅಂದಿದ್ದು? ಮಾತು ವಾಪಸ್ ತಗೊಳ್ಳಿ ಅಜ್ಜಿ."

"ತಗೊಳ್ಳೋಕೆ ಬರಲ್ಲ," ಎಂದ ಯಜಮಾನ. ಅವನು ಸಿಟ್ಟಾಗಿರಲಿಲ್ಲ, ಗೊತ್ತಿರುವ ಪಾಠ ಒಪ್ಪಿಸುವ ಹಾಗೆ ಹೇಳಿದ. "ಬೆಂದಿದೆ ಅಂದ್ಮೇಲೆ ಮುಗೀತು. ಮತ್ತೆ ಮಂಚಕ್ಕೆ ಹಾಕೋ ಪದ್ಧತಿ ಇಲ್ಲ. ಇನ್ನೊಂದೂವರೆ ಸುತ್ತು, ಆಮೇಲೆ ನೀರು."

ನನ್ನ ತೋಳಿನಲ್ಲಿ ಅವಳು ಮಗುವಿನಷ್ಟೇ ಹಗುರಾಗಿದ್ದಳು. ತುಟಿ ಅಲ್ಲಾಡುತ್ತಿತ್ತು, ಮಾತು ಬರುತ್ತಿರಲಿಲ್ಲ.

ಆಗ ಅತ್ತೆ ಮಗುವನ್ನು ಮಗನ ಕೈಗಿಟ್ಟಳು. ಗಂಡನ ಮುಂದೆ ಹೋಗಿ ನಿಂತು ಅವನ ಕೈಯಿಂದ ಮಡಕೆ ಕಿತ್ತುಕೊಂಡಳು. ಮೂವತ್ತು ವರ್ಷದ ಸಂಸಾರದಲ್ಲಿ ಆ ಗಂಡನ ಎದುರು ಅವಳು ತಲೆಯೆತ್ತಿದ್ದನ್ನು ನಾನು ಕಂಡಿರಲಿಲ್ಲ. ಸೀರೆಯೆತ್ತಿ ಕಟ್ಟದೆ ಹಾಗೆಯೇ ಕೆಸರಿಗಿಳಿದು ಬಂದು ಮಡಕೆಯನ್ನು ಸೊಸೆಯ ಬಾಯಿಗೆ ಹಿಡಿದಳು. ಅರ್ಧ ನೀರು ಕೊರಳ ಮೇಲೆ ಹರಿಯಿತು. ಒಳಗೆ ಹೋದದ್ದೂ ಮರುಗಳಿಗೆ ವಾಪಸು ಬಂತು.

ನಾವಿಬ್ಬರೂ ಅವಳನ್ನು ಹೊತ್ತುಕೊಂಡು ಹೋದೆವು. ಜನ ದಾರಿ ಬಿಟ್ಟರು, ಕೈಹಾಕಲಿಲ್ಲ. ಮಂಚವನ್ನು ಆಗಲೇ ಅಂಗಳದಲ್ಲಿ ಬೋರಲು ಹಾಕಿದ್ದರು. ಅತ್ತೆ ಅದನ್ನು ಒದ್ದು ಮಗುಚಿ ಬೇವಿನ ಮರದ ಕೆಳಗೆ ಎಳೆದಳು. ಕತ್ತಲ ಕೋಣೆಗೆ ಮತ್ತೆ ಒಯ್ಯಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಮಗುವಿಗೆ ಔಷಧಿ ಕುಡಿಸುವ ಒಳಲೆಯಲ್ಲಿ ಹನಿಹನಿಯಾಗಿ ನೀರು ಬಿಟ್ಟೆವು. ಒದ್ದೆ ಬಟ್ಟೆ ಹೊದಿಸಿದೆವು, ಅದು ಒಣಗುತ್ತಿತ್ತು, ಮತ್ತೆ ಒದ್ದೆ ಮಾಡಿ ಹೊದಿಸುತ್ತಿದ್ದೆವು. ಒಳಗೆ ಹೋದ ನೀರು ಕೊನೆಗೆ ಅವಳ ಕಣ್ಣಿನಿಂದ ಹೊರಬಂತು. ಕೆನ್ನೆ ದಾಟಿತು, ಗದ್ದ ದಾಟಿತು, ಕೊರಳಿಗಿಳಿಯಿತು. ಅತ್ತೆ ಒರೆಸಲಿಲ್ಲ. "ಅಳು ಮಗಾ, ಅಳು," ಎನ್ನುತ್ತಿದ್ದಳು.

ಹೊತ್ತು ನೆತ್ತಿಯಿಂದ ಇಳಿಯುವಷ್ಟರಲ್ಲಿ ಅವಳು ಹೋದಳು.

ಮಗು ತನ್ನದು ಎಂದು ಅವಳಿಗೆ ಅನ್ನಿಸಲೇ ಇಲ್ಲ. ಪಕ್ಕದಲ್ಲಿ ಮಲಗಿಸಿದ್ದೆವು, ಅವಳು ನೋಡಿದಳು, ಯಾರದೋ ಮಗುವನ್ನು ನೋಡುವ ಹಾಗೇ ನೋಡಿದಳು. ಇನ್ನಷ್ಟು ಕಾಲ ಸಿಕ್ಕಿದ್ದರೆ ಅನ್ನಿಸುತ್ತಿತ್ತು. ನನಗೆ ಅನ್ನಿಸಿತ್ತು. ನಲವತ್ತನೆಯ ದಿನಕ್ಕಲ್ಲ, ಮಗುವಿಗೆ ಎರಡು ವರ್ಷ ತುಂಬಿದಮೇಲೆ, ಒಂದು ಮಧ್ಯಾಹ್ನ ಅದು ಜೋಳದ ರೊಟ್ಟಿಯ ಚೂರನ್ನು ನನ್ನ ಬಾಯಿಗೆ ತುರುಕಿದಾಗ. ಅದನ್ನು ಅವಳಿಗೆ ಎರಡನೆಯ ದಿನವೇ ಹೇಳಬೇಕಿತ್ತು. ಈಗ ಊರಿಗೆಲ್ಲ ಹೇಳುತ್ತಾ ತಿರುಗುತ್ತೇನೆ, ಏನು ಬಂತು.

ಕೆರೆಯ ದಂಡೆಯಲ್ಲಿ ಮಣ್ಣು ಮಾಡಿ ಎಲ್ಲರೂ ಹಿಂದಿರುಗಿದರು. ಯಜಮಾನ ಆವಿಗೆಯ ಕಡೆ ಹೋದ. ತಿಗರಿಯವನು ತಿಗರಿಯ ಮುಂದೆ ಕೂತ, ತಿರುಗಿಸಲಿಲ್ಲ. ನಾನು ಬೇವಿನ ಮರದ ಕೆಳಗಿನ ಮಂಚ ಎತ್ತಿಡಲು ಹೋದೆ. ಅತ್ತೆ ಅದರ ಮೇಲೆ ಕೂತಿದ್ದಳು, ಮಗು ಅವಳ ತೊಡೆಯ ಮೇಲಿತ್ತು, ಮೇಕೆಯ ಹಾಲು ಕುಡಿದು ನಿದ್ದೆ ಹೋಗಿತ್ತು.

"ಅಕ್ಕ," ಎಂದಳು. "ಗುಂಡೀಲಿ ನೀನಂದಿದ್ದು ನಿಜಾನಾ? ಯಾರ್ದೂ ಇಲ್ವಾ?"

"ಯಾರ್ದೂ ಇಲ್ಲ."

"ನನ್ ಮಗನ್ನ ಹೆತ್ತಾಗ ಆವಿಗೆ ತುಂ‌ಬೋ ಕಾಲ. ಹದಿನೆಂಟನೇ ದಿನ ನೀನೇ ಬಂದು ತಟ್ಟಿದ್ದು. ನೆನಪೈತಾ?"

ನೆನಪಿತ್ತು. ಯಜಮಾನ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದದ್ದೂ ನೆನಪಿತ್ತು.

"ಅವತ್ತು ಏನ್ ಕೇಳಿಸ್ಕೊಂಡೆ?"

"ಏನೂ ಕೇಳಿಸಲಿಲ್ಲ, ತಂಗಿ."

ಅವಳು ಮಗುವಿನ ಮೇಲಿನ ಬಟ್ಟೆ ಸರಿಮಾಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು.

"ಇಪ್ಪತ್ನಾಲ್ಕು ವರ್ಷ ಆಯ್ತು. ಬೆಳಗ್ಗೆ ಎದ್ದಾಗ ಈಗಲೂ ಇಲ್ಲಿ," ಹೊಟ್ಟೆಯ ಕೆಳಗೆ ಕೈಯಿಟ್ಟು ಹೇಳಿದಳು, "ಎಲ್ಲಾ ಜಾರಿ ಬೀಳೋ ಹಂಗೆ ಆಗುತ್ತೆ. ನಂಗೊಬ್ಬಳಿಗೇ ಅಂದ್ಕೊಂಡಿದ್ದೆ. ನಾನು ಬೇಯ್ದೇ ಇರೋಳು ಅಂತ ಗೊತ್ತಾಗ್ಬಾರ್ದು ಅಂತ ಆ ಹುಡುಗಿ ಕೆಳಗೆ ಎಷ್ಟು ಕೆಂಡ ಸುರಿದೆ ಅಕ್ಕ." ಅಷ್ಟು ಹೇಳಿ ಮಗುವನ್ನು ಮಂಚದ ಮೇಲೆ ಮರದ ಬದಿಗೆ ಮಲಗಿಸಿ, ತಾನೂ ಪಕ್ಕದಲ್ಲಿ ಮಲಗಿದಳು. "ನನ್ನ ಬಾಣಂತನದ ಉಳಿದ ದಿನ ಕೊಡು. ನಾನ್ ಮಲಗ್ತೀನಿ."

ನಾನು ಒಂದು ಚೊಂಬು ನೀರು ತಂದು ತಲೆದೆಸೆಯಲ್ಲಿಟ್ಟೆ.

ಯಜಮಾನ ಬಂದು ಗದರಿದ, ಆಮೇಲೆ ಬೇಡಿಕೊಂಡ. ಹೆಂಗಸಿಗೆ ಈ ವಯಸ್ಸಿನಲ್ಲಿ ಎಂಥ ಬಾಣಂತನ ಎಂದು ಊರು ನಕ್ಕಿತು. ಅವಳು ಮಗ್ಗುಲು ಬದಲಿಸಿ ಮಲಗಿದಳು. ಬಾಯಾರಿದಾಗ ಕುಡಿಯುತ್ತಾಳೆ, ಅಳು ಬಂದಾಗ ಅಳುತ್ತಾಳೆ, ಮಗು ಎದ್ದಾಗ ಎದ್ದು ಕೂರುತ್ತಾಳೆ. ನಾನು ಎಣ್ಣೆ ಹಚ್ಚಿ ನೀರು ಹಾಕುತ್ತೇನೆ, ಹೊಟ್ಟೆಗೆ ಬಟ್ಟೆ ಕಟ್ಟುತ್ತೇನೆ, ಬೇಳೆಯ ಕಟ್ಟು ಕಾಯಿಸಿ ಕೊಡುತ್ತೇನೆ. ಇವತ್ತಿಗೆ ಹನ್ನೊಂದು ದಿನ.

ಊರೇನೂ ಬದಲಾಗಿಲ್ಲ. ಆವಿಗೆ ಉರಿಯುತ್ತಿದೆ. ಗಂಡಸರು ಸೇರಿ ಬೇರೊಬ್ಬಳನ್ನು ತಟ್ಟುವವಳಾಗಿ ನೇಮಿಸಿಕೊಂಡಿದ್ದಾರೆ, ಕಿವಿ ಚುರುಕಾದವಳಂತೆ. ಮೇಲಿನ ಬೀದಿಯಲ್ಲಿ ಮೊನ್ನೆ ಒಬ್ಬಳು ಹೆತ್ತಿದ್ದಾಳೆ. ಅವಳ ಮಂಚದ ಕೆಳಗೂ ಕೆಂಡ ಹರಡಿದ್ದಾರೆ. ನಾನು ನೀರಿನ ಚೊಂಬು ಹಿಡಿದು ಎರಡು ಸಲ ಹೋದೆ, ಬಾಗಿಲು ತೆಗೆಯಲಿಲ್ಲ. ನಾಳೆ ಮತ್ತೆ ಹೋಗುತ್ತೇನೆ.

ಇವತ್ತು ಬೆಳಗ್ಗೆ ಕೆಳಗಿನ ಬೀದಿಯ ಮುದುಕಿಯೊಬ್ಬಳು ಕಂಕುಳಲ್ಲಿ ಚಾಪೆ ಸುತ್ತಿಕೊಂಡು ಅಂಗಳಕ್ಕೆ ಬಂದಳು. ಅವಳ ಕೊನೆಯ ಮಗುವಿಗೆ ಮೂವತ್ತೈದು ವರ್ಷ. ಮಂಚದ ಮೇಲಿದ್ದವಳನ್ನು ನೋಡಿದಳು, ನನ್ನನ್ನು ನೋಡಿದಳು. ಚಾಪೆ ಎಲ್ಲಿ ಹಾಸಲಿ ಎಂದು ಕೇಳಿದಳು.